ಸಾಕು

ಕನ್ನಡದಲ್ಲಿ 'ಸಾಕು' ಎಂಬ ಮಾತಿಗೆ ಎರಡು ಅರ್ಥ. ಒಂದು, ಪೋಷಿಸು ಎಂದು. ಇನ್ನೊಂದು, ಇನ್ನು ಬೇಡ ಎಂದು. ಇವೆರಡನ್ನೂ ಒಂದೇ ಶಬ್ದದೊಳಗೆ ಇಟ್ಟ ನಮ್ಮ ಹಿರಿಯರು ಮಕ್ಕಳೊಂದಿಗರಾಗಿದ್ದಿರಬೇಕು. ಎರಡು ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಡೆಯುವುದು ಮೊದಲನೆಯ ಅರ್ಥದ ಕೆಲಸ. ಕೇಳಿಬರುವುದು ಎರಡನೆಯ ಅರ್ಥದ ಉದ್ಗಾರ.

ನಮ್ಮ ಕೊಳ್ಳೇಗಾಲವನ್ನು ಹೊರಗಿನವರು ಬಲ್ಲುದು ಎರಡು ಕಾರಣಕ್ಕೆ: ಇಲ್ಲಿ ರೇಷ್ಮೆ ಸಿಗುತ್ತದೆ, ಮಾದಪ್ಪನ ಬೆಟ್ಟಕ್ಕೆ ಹೋಗುವ ಬಸ್ಸು ಇಲ್ಲಿ ನಿಲ್ಲುತ್ತದೆ. ನಾನು ಈ ಊರಿನ ಬ್ಯಾಂಕೊಂದರಲ್ಲಿ ಗುಮಾಸ್ತ. ನನ್ನಾಕೆ ಹನೂರಿನಲ್ಲಿ ಉಪಾಧ್ಯಾಯಿನಿ; ದಿನವೂ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಾಳೆ. ಆ ಬೆಳಗಿನ ಬಸ್ಸು ಹೊರಡುವ ಮುಂಚಿನ ಒಂದು ಗಂಟೆಯ ಕಾಲ ನಮ್ಮ ಮನೆಯಲ್ಲಿ ಏನು ನಡೆಯುತ್ತದೆಂಬುದನ್ನು ವರ್ಣಿಸುವುದಕ್ಕೆ ಯುದ್ಧ ಕಂಡ ಕವಿಗಳೇ ಬೇಕು. ನಾಲ್ಕು ವರ್ಷದ ಮಗನಿಗೆ ದೋಸೆ ದುಂಡಗಿರಬೇಕು; ಹರಿದದ್ದಾದರೆ ಅದು ದೋಸೆಯೇ ಅಲ್ಲ. ಒಂದೂವರೆ ವರ್ಷದ ಮಗಳಿಗೆ ಅಣ್ಣನ ತಟ್ಟೆಯಲ್ಲಿರುವುದೇ ಬೇಕು. ತನ್ನ ತಟ್ಟೆ ಇರುವುದು ಬೋರಲು ಹಾಕಿ ಬಡಿಯುವುದಕ್ಕೆ. ಚಪ್ಪಲಿಯ ಜೊತೆಯಲ್ಲಿ ಒಂದು ಕಾಲಿನದು ನೀರಿನ ಹಂಡೆಯ ಹಿಂದೆ ಸಿಕ್ಕುತ್ತದೆ. ಇನ್ನೊಂದು ಸಿಕ್ಕುವುದೇ ಇಲ್ಲ. ಈ ಗಲಭೆಯ ನಡುವೆ ನನ್ನಾಕೆ ಸೀರೆಯ ನೆರಿಗೆ ಹಿಡಿದುಕೊಂಡು, "ರೀ, ಒಂದು ನಿಮಿಷ ಇವಳನ್ನು ಎತ್ತಿಕೊಳ್ಳಿ" ಎನ್ನುತ್ತಾಳೆ. ಆ ಒಂದು ನಿಮಿಷ ನಾನು ಬ್ಯಾಂಕಿಗೆ ಹೊರಡುವವರೆಗೂ ಮುಗಿಯುವುದಿಲ್ಲ.

ಇಷ್ಟೆಲ್ಲ ಗದ್ದಲ ಈಗ ಕಿವಿಗೆ ಹಿತವಾಗಿದೆ ಎಂದರೆ ಓದುಗರು ನಂಬಲಿಕ್ಕಿಲ್ಲ. ಅದಕ್ಕೆ ಕಾರಣವಿದೆ. ನಮ್ಮ ಮಗನಿಗೆ ಎರಡೂವರೆ ವರ್ಷ ತುಂಬಿದರೂ ಮಾತು ಬಂದಿರಲಿಲ್ಲ.

ಮಾತಿಗೆ ನಮ್ಮ ಮನೆಯಲ್ಲಿ ಬಡತನವೇನೂ ಇಲ್ಲ. ನಮ್ಮ ತಾಯಿ ಹುಟ್ಟಿದಾಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಜಿಲ್ಲೆ ಕೊಯಮತ್ತೂರು. 1956ರ ನವೆಂಬರ್ 1ರಂದು ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಾಗ ಅವರಿಗೆ ಹತ್ತು ವರ್ಷ. ಅವರು ದುಡ್ಡು ಎಣಿಸುವಾಗ ಈಗಲೂ ಒಮ್ಮೊಮ್ಮೆ ತಮಿಳು ನುಸುಳುತ್ತದೆ. ನನ್ನಾಕೆಯ ತೌರು ಯಳಂದೂರು. ಅದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಹದಿಬದೆಯ ಧರ್ಮವನ್ನು ಬರೆದ ಸಂಚಿ ಹೊನ್ನಮ್ಮನ ಊರು ಎಂಬ ಹೆಮ್ಮೆ ಬೇರೆ. ಎರಡೂ ಊರಿಗೆ ಹದಿನೈದು ಕಿಲೋಮೀಟರು ಅಂತರವಾದರೂ, ಒಂದು ಸೊಪ್ಪಿಗೆ, ಒಂದು ಪಾತ್ರೆಗೆ ಅತ್ತೆ ಹೇಳುವ ಹೆಸರು ಬೇರೆ, ಸೊಸೆ ಹೇಳುವ ಹೆಸರು ಬೇರೆ. 1997ರಿಂದ ಎಲ್ಲವೂ ಒಂದೇ ಚಾಮರಾಜನಗರ ಜಿಲ್ಲೆ. ಆದರೆ ಅಡಿಗೆಮನೆಯಲ್ಲಿ ಗಡಿ ಇನ್ನೂ ಪೂರ್ತಿ ಅಳಿಸಿಲ್ಲ. ಇಂಥ ಮನೆಯಲ್ಲಿ ಮಗು ಮಾತ್ರ ಬೆರಳು ತೋರಿಸಿ 'ಊಂ' ಎನ್ನುತ್ತಿತ್ತು.

ಸಲಹೆ ಕೊಡುವವರಿಗೆ ಇಷ್ಟೇ ಸಾಕಲ್ಲವೇ? "ಅಜ್ಜಿದೊಂದು ನುಡಿ, ತಾಯಿದೊಂದು ನುಡಿ, ಟಿ.ವಿ.ಯದು ಇನ್ನೊಂದು. ಕೂಸು ಯಾವುದನ್ನು ಹಿಡಿಯಬೇಕು?" ಎಂದರು ಒಬ್ಬರು. ಬಜೆ ತೇಯ್ದು ನಾಲಗೆಗೆ ಹಚ್ಚಿ ಎಂದರು ಇನ್ನೊಬ್ಬರು. "ನಿನಗೂ ಮೂರು ತುಂಬಿದ ಮೇಲೇ ಮಾತು ಬಂದದ್ದು ಕಣಪ್ಪ, ಬುಡು" ಎಂದು ನಮ್ಮ ತಾಯಿ ನನಗೆ ಧೈರ್ಯ ಹೇಳಿದರು. ಹೇಳಿ ಒಳಗೆ ಹೋಗಿ ಮಾದಪ್ಪನಿಗೆ ಮುಡಿಯ ಹರಕೆ ಕಟ್ಟಿಕೊಂಡರು. ನಮ್ಮ ಮಾವನವರು ಮಗುವನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ರಂಗನಾಥನಿಗೆ ಒಪ್ಪಿಸಿದ ದೊಡ್ಡ ಚರ್ಮದ ಚಪ್ಪಲಿಗಳನ್ನು ಕಂಡು ಹುಡುಗ ಹಿಗ್ಗಿಹೋದ. ಮನೆಯಲ್ಲಿ ಚಪ್ಪಲಿ ಎಂದರೆ ಓಡಿಹೋಗುತ್ತಿದ್ದವನು, ಅಂದು ತನ್ನ ಪುಟ್ಟ ಚಪ್ಪಲಿಯನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ನಿದ್ದೆಹೋದ. ಮಾತು ಮಾತ್ರ ಬರಲಿಲ್ಲ.

ರಾತ್ರಿ ಮಕ್ಕಳು ಮಲಗಿದ ಮೇಲೆ ನಾವಿಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ನನ್ನಾಕೆ ಅವನ ಹಿಂದೆ ನಿಂತು ಬೀಗದ ಕೈ ಅಲುಗಿಸಿ, ತಿರುಗುತ್ತಾನೆಯೇ ಎಂದು ನೋಡುತ್ತಿದ್ದಳು. ಒಮ್ಮೆ ತಿರುಗುತ್ತಿದ್ದ, ಒಮ್ಮೆ ಇಲ್ಲ. ಎರಡಕ್ಕೂ ಅವಳ ಮುಖ ಬಾಡುತ್ತಿತ್ತು.

ಕೊನೆಗೆ ರಜೆ ಹಾಕಿ ಮೈಸೂರಿಗೆ ಹೊರಟೆವು. ಅಲ್ಲಿ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಷ್ಟೆ, 1965ರಲ್ಲಿ ಆರಂಭವಾದದ್ದು. ಮಾತು ಬಾರದ ಮಗುವಿಗೆ ಮೊದಲು ನೋಡಬೇಕಾದದ್ದು ನಾಲಗೆಯನ್ನಲ್ಲ, ಕಿವಿಯನ್ನು ಎಂಬುದು ಅಲ್ಲಿ ತಿಳಿಯಿತು. ಪರೀಕ್ಷೆಯಾಯಿತು. ಮೇಲಿಂದ ಮೇಲೆ ನೆಗಡಿಯಾಗಿ ಎರಡೂ ಕಿವಿಯ ತಮಟೆಯ ಹಿಂದೆ ನೀರು ನಿಂತಿತ್ತು. ಚಿಕ್ಕ ಮಕ್ಕಳಲ್ಲಿ ಇದು ಬಹಳ ಸಾಮಾನ್ಯವಂತೆ. ಪೂರ್ತಿ ಕಿವುಡಲ್ಲ, ನೀರಿನಲ್ಲಿ ಮುಳುಗಿದವನಿಗೆ ದಡದವರ ಮಾತು ಕೇಳಿದ ಹಾಗೆ. ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ಚಿಕಿತ್ಸೆ ಉಂಟು. ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಮನೆಯಲ್ಲಿ ಎರಡು ಮೂರು ನುಡಿ ಆಡುವುದರಿಂದ ಮಾತು ನಿಲ್ಲುವುದಿಲ್ಲ, ಧಾರಾಳವಾಗಿ ಆಡಿ ಎಂದು ಹೇಳಿದಾಗ ನಮ್ಮ ತಾಯಿಯ ತಮಿಳು ಖುಲಾಸೆಯಾಯಿತು. ಮಗುವಿನ ಮುಖದ ಮಟ್ಟಕ್ಕೆ ಬಗ್ಗಿ ಮಾತಾಡಿ. ವಸ್ತುವಿನ ಹೆಸರು ಹೇಳಿ. ಕೇಳಿದ ಮೇಲೆ ಉತ್ತರಕ್ಕೆ ಕಾಯಿರಿ ಎಂದರು. ಬಗ್ಗುವುದು ಸುಲಭ, ನಡು ನೋಯುತ್ತದೆ, ಅಷ್ಟೆ. ಕಾಯುವುದು ಹೇಗೆ?

ನಮ್ಮ ಬೀದಿ ಮುಗಿದಲ್ಲಿ ಹಿಪ್ಪುನೇರಳೆ ತೋಟ ಮೊದಲಾಗುತ್ತದೆ. ತೋಟದ ಯಜಮಾನರು ಹುಳು ಮೇಯಿಸುವವರು. ಸಂಜೆ ಮಗನನ್ನು ಎತ್ತಿಕೊಂಡು ಅಲ್ಲಿಗೆ ಹೋಗುವುದು ನನ್ನ ವಾಡಿಕೆ. ರೇಷ್ಮೆಹುಳುವಿನ ಬಾಳೆಲ್ಲ 25–28 ದಿನದ ಊಟ. ಅಷ್ಟರಲ್ಲಿ ಅದರ ತೂಕ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ನಡುವೆ ನಾಲ್ಕು ಸಲ ಅದು ಪೊರೆ ಕಳಚಬೇಕು. ಆ ಹೊತ್ತಿಗೆ ನಮ್ಮ ಕಡೆಯ ರೈತರು ಇಟ್ಟ ಹೆಸರು 'ಜ್ವರ'. ಒಂದನೆಯ ಜ್ವರ, ಎರಡನೆಯ ಜ್ವರ ಎಂದು ಎಣಿಸುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿಕೊಂಡು ಹೆಚ್ಚುಕಡಮೆ ಒಂದು ದಿನ ಅಲುಗಾಡದೆ ಇರುತ್ತದೆ. ಹೊಸಬರು ಕಂಡರೆ ಕಾಯಿಲೆಯೆಂದೇ ಗಾಬರಿಯಾಗಬೇಕು.

"ಈಗ ಸೊಪ್ಪ ಹಾಕಬಾರ್ದು ಸಾ. ತಿನ್ನಕಿಲ್ಲ. ತೇವ ಆಗಿ ಹುಳ ಕೆಡ್ತದೆ" ಎಂದರು ಯಜಮಾನರು. ಹಾಗೆಂದು ಅವರು ಮನೆಗೆ ಹೋಗಿ ಮಲಗಲಿಲ್ಲ. ಸುಣ್ಣದ ಪುಡಿ ಎರಚಿದರು. ಗಾಳಿ ಆಡಲೆಂದು ಕಿಟಕಿ ಸರಿಪಡಿಸಿದರು. ರಾತ್ರಿ ದೀಪ ಹಿಡಿದು ಮತ್ತೆ ಬಂದು ನೋಡಿದರು. ಎಲ್ಲ ಹುಳುವೂ ಜ್ವರ ಎದ್ದ ಮೇಲೆಯೇ ಎಳೆಯ ಸೊಪ್ಪು. ಕಾಯುವುದು ಬೇರೆ, ಕೈಬಿಡುವುದು ಬೇರೆ ಎಂಬುದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ಅವರಿಗೆ ದಿನದ ಲೆಕ್ಕ ಗೊತ್ತು, ನಮಗೆ ಗೊತ್ತಿಲ್ಲ. ಹುಳುವಿಗೂ ಮಗುವಿಗೂ ಇರುವ ವ್ಯತ್ಯಾಸ ದೊಡ್ಡದೇ. ಆದರೂ ಅಂದಿನಿಂದ ನಾವು ಮಗನನ್ನು 'ಹೇಳು, ಹೇಳು, ಅಪ್ಪ ಅನ್ನು, ಅಮ್ಮ ಅನ್ನು' ಎಂದು ಪೀಡಿಸುವುದು ನಿಂತಿತು. ಬಗ್ಗಿ ಹೆಸರು ಹೇಳುವುದು, ಸುಮ್ಮನೆ ಅವನ ಮುಖ ನೋಡುವುದು. ಮೂರು ತಿಂಗಳಿಗೆ ಮತ್ತೆ ಮೈಸೂರಿಗೆ ಹೋದಾಗ ಕಿವಿ ತಿಳಿಯಾಗಿತ್ತು.

ಅವನ ಮೊದಲ ಮಾತು ಬಂದದ್ದು ಅದಾದ ಎರಡು ವಾರಕ್ಕೆ, ರಾತ್ರಿ ಊಟದ ಹೊತ್ತಿನಲ್ಲಿ. ಅಜ್ಜಿ 'ಇದು ಚಂದಮಾಮನ ತುತ್ತು, ಇದು ಮಾದಪ್ಪನ ಹುಲಿಯ ತುತ್ತು' ಎಂದು ಅನ್ನ ಇಡುತ್ತಿದ್ದರು. ಹುಲಿಯ ತುತ್ತಿಗೆ ಅವನು ಬಾಯಿ ಬಿಗಿದು, ಅಜ್ಜಿಯ ಕೈ ತಳ್ಳಿ, ಸ್ಪಷ್ಟವಾಗಿ, "ಸಾಕು" ಎಂದ. ಅಮ್ಮ ಎಂದಲ್ಲ, ಅಪ್ಪ ಎಂದಲ್ಲ; ಸಾಕು! ನನ್ನಾಕೆ ಸೌಟು ಹಿಡಿದವಳು ಹಾಗೆಯೇ ನಿಂತಳು. ನಮ್ಮ ತಾಯಿ ಇನ್ನೊಮ್ಮೆ ಕೇಳಬೇಕೆಂಬ ಆಸೆಗೆ ಮತ್ತೊಂದು ತುತ್ತು ಹಿಡಿದರು. ಮತ್ತೊಮ್ಮೆ, "ಸಾಕು". ಪಾಪ, ಹುಡುಗನಿಗೆ ಅಂದು ಎಷ್ಟು ತುತ್ತು ಹಿಡಿದರೋ ಲೆಕ್ಕವಿಲ್ಲ.

ಆಮೇಲೆ ಕಟ್ಟೆ ಒಡೆಯಿತು. ಅತ್ತೆಯ ಪದ, ಸೊಸೆಯ ಪದ, ಹನೂರಿನ ಬಸ್ಸಿನ ಕಂಡಕ್ಟರನ ಪದ, ಎಲ್ಲವನ್ನೂ ಅವನು ಅಷ್ಟು ದಿನ ಎಲ್ಲೋ ಕೂಡಿಟ್ಟುಕೊಂಡಿದ್ದಂತೆ ಕಂಡಿತು. ಕೀರ್ತಿ ಯಾರದೆಂಬ ಬಗ್ಗೆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನಮ್ಮ ತಾಯಿ ಮಾದಪ್ಪ ಎನ್ನುತ್ತಾರೆ, ಮಾವನವರು ರಂಗನಾಥ ಎನ್ನುತ್ತಾರೆ, ನನ್ನಾಕೆ ಮೈಸೂರಿನ ಚೀಟಿಗಳನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದಾಳೆ.

ಹರಕೆ ತೀರಿಸುವುದಕ್ಕೆ ಬೆಟ್ಟಕ್ಕೆ ಹೋದೆವು. ತಾಳಬೆಟ್ಟ ದಾಟಿ ಬಸ್ಸು ಘಾಟಿ ಹತ್ತುತ್ತಿತ್ತು. "ಮರ ಯಾಕೆ ಹಿಂದೆ ಓಡ್ತಾವೆ? ಮಾದಪ್ಪನ ಹುಲಿಗೆ ಬಸ್ಸು ಬೇಡವಾ? ಹುಲಿ ದೋಸೆ ತಿನ್ನುತ್ತಾ?" ಹನೂರಿನಿಂದ ಒಂದೇ ಸಮನೆ ನಡೆದಿತ್ತು. ಮುಂದಿನ ಸೀಟಿನವರು ಕಣ್ಣು ಮುಚ್ಚಿ ನಿದ್ದೆ ಮಾಡಲು ನೋಡಿ ನೋಡಿ ಸೋತು ತಿರುಗಿದರು. "ಅಮ್ಮಾವರೆ, ಮೊಗವ ವಸಿ ಸುಮ್ಕಿರಿಸಿ" ಎಂದರು.

ನಮ್ಮ ತಾಯಿ ಮೊಮ್ಮಗನನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡರು. "ಮಾತಾಡಲಿ ಬುಡಪ್ಪ" ಎಂದರು.