ಪೆನ್ಸಿಲ್ ಹಿಡಿದು ಕೂತರೆ

ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಚಿಗುರುವುದನ್ನು ಯಾರು ತಾನೆ ನೋಡಿಲ್ಲ! ಬೆಂಗಳೂರಿನ ಬೀದಿಬದಿಯಲ್ಲೂ ಅದು ಕಣ್ಣಿಗೆ ಬೀಳುತ್ತದೆ. ಆದರೆ ಅದರ ಒಂದೇ ಒಂದು ರೆಂಬೆಯ ಮುಂದೆ ನೋಟ್‌ಬುಕ್ ತೆರೆದು ಕೂತು ನೋಡಿ. ಒಂದು ಕಡ್ಡಿಗೆ ಐದೋ ಏಳೋ ಎಲೆ. ಎದುರುಬದುರು ಜೋಡಿಯಾಗಿ ಬಂದು ತುದಿಯಲ್ಲಿ ಒಂಟಿಯೊಂದು ನಿಲ್ಲುತ್ತದೆ. ಎಳೆಯದಕ್ಕೆ ತಾಮ್ರದ ಛಾಯೆ, ಬೆರಳು ಜಾರುವಷ್ಟು ನಯ. ಬಲಿತ ಎಲೆಯಲ್ಲಿ ಬಿಳಿಚಿಕೊಂಡ ಮಚ್ಚೆ: ಎರಡು ಪದರಗಳ ನಡುವೆ ಸೇರಿಕೊಂಡ ಪುಟಾಣಿ ಹುಳ ಹಸಿರನ್ನಷ್ಟೇ ಮೇಯ್ದ ಗುರುತು. ಪಕ್ಕದ ಎಲೆಯ ಮೈತುಂಬ ಬೆವರುಸಾಲೆ ಎದ್ದ ಹಾಗೆ ಗಂಟುಗಳು. ಅದು ಬರಿಗಣ್ಣಿಗೆ ಕಾಣದ ನುಸಿಯ ಕೆಲಸ.

ಮೊಬೈಲಿನಲ್ಲಿ ಫೋಟೊ ತೆಗೆದಿದ್ದರೆ ಇಷ್ಟೂ ಅದರೊಳಗೆ ಇರುತ್ತಿತ್ತು, ನನ್ನೊಳಗೆ ಇಳಿಯುತ್ತಿರಲಿಲ್ಲ. ಎಲೆಯ ಅಂಚು ಎಲ್ಲಿ ಬಾಗುತ್ತದೆಂದು ಗೆರೆ ಎಳೆಯುವ ಕೈಗೆ ಗೊತ್ತಾಗಲೇಬೇಕು. ಗೊತ್ತಿಲ್ಲದಿದ್ದರೆ ಕಣ್ಣು ಮತ್ತೆ ಎಲೆಗೇ ಮರಳಬೇಕು. ಚಿತ್ರ ಚೆಂದ ಬರಬೇಕೆಂದೇನಿಲ್ಲ. ಆ ಹೋಗಿಬರುವಿಕೆಯಲ್ಲೇ ಸುಖವಿದೆ.

ಕನ್ನಡದಲ್ಲಿ ಈ ಸುಖ ಉಂಡವರು ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ಪುಸ್ತಕದ ಗಿಡಬಳ್ಳಿಗಳಿಗೆ ಅವರದೇ ರೇಖಾಚಿತ್ರಗಳು. ವಿದ್ಯಾರ್ಥಿಗಳ ಜೊತೆ ಕಾಡು ಸುತ್ತುತ್ತಾ, ಹರಟುತ್ತಾ, ಗಿಡದ ಮುಂದೆ ನಿಂತುಬಿಡುವ ಆ ಪುರುಸೊತ್ತು ನನಗೆ ಬಲು ಇಷ್ಟ.

ನಾನು ನೋಟ್‌ಬುಕ್ಕಿನಲ್ಲಿ ತಾರೀಖಿನ ಪಕ್ಕದಲ್ಲಿ ಮಳೆನಕ್ಷತ್ರವನ್ನೂ ಬರೆಯುತ್ತೇನೆ. ಮೇ ಕೊನೆಯ ವಾರಕ್ಕೆ ರೋಹಿಣಿ, ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ ಮೃಗಶಿರ. ಸುಮಾರು ಹದಿನಾಲ್ಕು ದಿನಕ್ಕೊಮ್ಮೆ ಹೆಸರು ಬದಲಾಗುವುದರಿಂದ, ಈ ಮಳೆಯಲ್ಲಿ ಏನು ಚಿಗುರಿತು, ಯಾವ ಹಕ್ಕಿ ಕೂಗಿತು ಎಂದು ನೋಡಲು ತಾನಾಗಿ ಮನಸ್ಸಾಗುತ್ತದೆ. ನಮ್ಮ ರೈತರು ಬಿತ್ತನೆಯ ಲೆಕ್ಕವನ್ನು ಹೀಗೇ ಇಟ್ಟುಕೊಂಡು ಬಂದವರು.

ಮಳೆ ಹಿಡಿದ ಮೇಲೆ ನನ್ನ ಪುಟಗಳೆಲ್ಲ ಗೀಜಗನ ಪಾಲು. ಕೆರೆಯಂಚಿನ ಈಚಲಮರದಲ್ಲಿ ಗಂಡುಹಕ್ಕಿ ಹುಲ್ಲಿನ ಸೀಳು ತಂದು ನೇಯುತ್ತದೆ. ಗೂಡು ಅರ್ಧವಾದಾಗ, ನಡುವೆ ಅಡ್ಡಪಟ್ಟಿಯೊಂದು ಬಿದ್ದಿರುವ ಹೊತ್ತಿಗೆ, ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಗಂಡು ಕೊಳವೆಯಂಥ ಬಾಗಿಲು ಇಳಿಬಿಟ್ಟು ಮುಗಿಸುತ್ತದೆ. ಒಪ್ಪದಿದ್ದರೆ ಬೇರೆ ಗೂಡಿಗೆ ಕೈಹಾಕುತ್ತದೆ. ಬಿಟ್ಟುಹೋದ ಅರೆಗೂಡನ್ನೂ ಪೂರ್ತಿಯಾದದ್ದನ್ನೂ ಎದುರುಬದುರು ಪುಟಗಳಲ್ಲಿ ಬಿಡಿಸಿಟ್ಟಿದ್ದೇನೆ. ಹೆಣ್ಣಿಗೆ ಇದರಲ್ಲಿ ಏನು ಸಾಲದಾಯಿತೋ, ಈ ಮಳೆಗಾಲ ಅದನ್ನೇ ಹುಡುಕಬೇಕು.