ಎರಡು ಗಾಜಿನ ಒಂದು ಕಡಲು

ಫೋಟೊ ತೆಗೆಯುವವರಲ್ಲೂ ಒಂದು ಬಗೆಯ ಮಡಿವಂತಿಕೆ ಇದೆ. ಶಟರ್ ಒಮ್ಮೆ ಒತ್ತಿದಾಗ ಬಂದದ್ದು ಚಿತ್ರ. ಕಡಿಮೆ, ಸಮ, ಹೆಚ್ಚು ಎಂದು ಮೂರು ಬೆಳಕಿನಲ್ಲಿ ತೆಗೆದು ಆಮೇಲೆ ಕೂಡಿಸಿದ್ದು ಮೈಲಿಗೆ. ಎಕ್ಸ್‌ಪೋಶರ್ ಬ್ರಾಕೆಟಿಂಗ್ ಎಂಬ ಈ ವಿಧಾನದ ಕುರಿತ ಜಗಳ ಎಲ್ಲೆಲ್ಲೋ ಸುತ್ತಿ ಕೊನೆಗೆ ಇಲ್ಲಿಗೇ ಬರುತ್ತದೆ. ಈ ಮಡಿ ನನಗೆ ಒಪ್ಪಿಗೆಯಿಲ್ಲ. 1857ರಲ್ಲಿ ಫ್ರಾನ್ಸಿನ ದಕ್ಷಿಣ ಕರಾವಳಿಯ ಸೆತ್ ಊರಿನಲ್ಲಿ ಗುಸ್ತಾವ್ ಲೆ ಗ್ರೆ ತೆಗೆದ ಹೆದ್ದೆರೆಯ ಚಿತ್ರವನ್ನೇ ನೋಡಿ. ಅಂದಿನ ಕೊಲೋಡಿಯನ್ ಹಚ್ಚಿದ ಗಾಜು ನೀಲಿ ಬೆಳಕಿಗೆ ಬೇಗ ಕರಗುತ್ತಿತ್ತು, ಕೆಂಪಿಗೆ ಜಪ್ಪಯ್ಯ ಎಂದರೂ ಜಗ್ಗುತ್ತಿರಲಿಲ್ಲ. ಕಡಲಿಗೆ ಸಾಕಾಗುವಷ್ಟು ಬೆಳಕು ಬಿಟ್ಟರೆ ಮೋಡಗಳೆಲ್ಲ ಅಳಿಸಿ ಬಾನು ಬೋಳುಬಿಳಿ. ಮೋಡ ಉಳಿಸಿಕೊಳ್ಳಹೋದರೆ ಕಡಲು ಕಪ್ಪು. ಲೆ ಗ್ರೆ ಬಾನಿಗೊಂದು, ಕಡಲಿಗೊಂದು ಗಾಜು ಬಳಸಿ, ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿ, ಬೆಸುಗೆಯನ್ನು ದಿಗಂತದ ಗೆರೆಯಲ್ಲಿ ಅಡಗಿಸಿದ. ಒಂದೇ ಗಾಜಿನ ಬೋಳು ಬಾನನ್ನು ಶುದ್ಧವೆನ್ನುವುದಾದರೆ, ಅಂಥ ಬಾನನ್ನು ಆ ದಂಡೆಯಲ್ಲಿ ನಿಂತ ಯಾರೂ ಕಂಡಿರಲಿಲ್ಲ ಎಂಬುದನ್ನೂ ಒಪ್ಪಬೇಕು. ಅದು ಕೊಲೋಡಿಯನ್ನಿನ ಮಿತಿ, ಕಡಲಿನ ನಿಜವಲ್ಲ.

ನಮ್ಮ ಕಣ್ಣು ಮಾಡುವುದೂ ಇಂಥದೇ ಕೆಲಸ. ಹೊಯ್ಸಳ ಗುಡಿಯ ನವರಂಗದಲ್ಲಿ ನಿಂತವರು ಕಂಬದ ಕುಸುರಿಯನ್ನೂ ಬಾಗಿಲಾಚೆಯ ಬಿಸಿಲಂಗಳವನ್ನೂ ಒಂದೇ ನೋಟದಲ್ಲಿ ಕಂಡೆವೆಂದುಕೊಳ್ಳುತ್ತಾರೆ. ನಿಜವಾಗಿ ಕಣ್ಣು ಅತ್ತಿತ್ತ ಹೊರಳುತ್ತ, ಹೊರಳಿದಲ್ಲೆಲ್ಲ ಬೆಳಕಿಗೆ ಒಗ್ಗಿಕೊಳ್ಳುತ್ತ, ತುಂಡುತುಂಡಾಗಿ ನೋಡಿದ್ದನ್ನು ಮಿದುಳು ಕೂಡಿಸಿ ಕೊಟ್ಟಿರುತ್ತದೆ. ಕ್ಯಾಮೆರಾಕ್ಕೆ ಈ ಸೌಲಭ್ಯವಿಲ್ಲ. ಬೆಳಕಿನ ಅಂತರವನ್ನು ಅಳೆಯುವ ಒಂದೊಂದು ಸ್ಟಾಪ್ ಎಂದರೆ ಬೆಳಕಿನ ಒಂದೊಂದು ದುಪ್ಪಟ್ಟು. ಹತ್ತು ಸ್ಟಾಪ್ ಎಂದರೆ 1,024 ಪಟ್ಟು. ಇಂದಿನ ಒಳ್ಳೆಯ ಕ್ಯಾಮೆರಾ ಸುಮಾರು 14 ಸ್ಟಾಪ್‌ಗಳನ್ನು ಹಿಡಿದೀತು, ಅಚ್ಚಿನ ಕಾಗದ ಅದರ ಅರ್ಧವನ್ನು ತೋರಿಸಿದರೆ ಹೆಚ್ಚು. ಅಂದಮೇಲೆ ಒಂದೇ ಸಲ ಒತ್ತಿದರೂ ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ಆಯ್ಕೆ ತಪ್ಪಿದ್ದಲ್ಲ. ಬ್ರಾಕೆಟಿಂಗ್ ಆ ಆಯ್ಕೆಯನ್ನು ಸ್ವಲ್ಪ ಮುಂದೂಡುತ್ತದೆ, ಅಷ್ಟೆ.

ಎರಡು ಗಳಿಗೆಗಳನ್ನು ಬೆರೆಸಿ ಒಂದೆಂದು ತೋರಿಸುವುದು ವಂಚನೆಯಲ್ಲವೇ ಎಂದು ಕೇಳಬಹುದು. ಈ ಆಕ್ಷೇಪಕ್ಕೆ ತೂಕವಿದೆ. ಲೆ ಗ್ರೆ ಒಂದೇ ಬಾನಿನ ಗಾಜನ್ನು ಬೇರೆ ಬೇರೆ ಕಡಲುಗಳ ಮೇಲೆ ಕೂರಿಸಿದ್ದೂ ಉಂಟು. ಅದನ್ನು ಸಮರ್ಥಿಸಲು ನಾನು ಹೋಗುವುದಿಲ್ಲ. ಆದರೆ ಬ್ರಾಕೆಟಿಂಗ್‌ನ ಶಿಸ್ತು ಬೇರೆ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲುಗದೆ ನಿಂತಿರಬೇಕು. ಅಪರ್ಚರ್ ಮುಟ್ಟಿದರೆ ಹಿಂದುಮುಂದಿನ ವಸ್ತುಗಳ ಸ್ಪಷ್ಟತೆಯೇ ಬದಲಾಗುವುದರಿಂದ ಶಟರ್ ವೇಗವನ್ನು ಮಾತ್ರ ಏರಿಳಿಸಬೇಕು. ನಡುವೆ ಮರದ ಎಲೆ ಅಲುಗಿದರೂ ಕೂಡಿಸಿದ ಚಿತ್ರದಲ್ಲಿ ಅದರ ದೆವ್ವ ಕಾಣಿಸಿಕೊಂಡು ಗುಟ್ಟು ರಟ್ಟು ಮಾಡುತ್ತದೆ. ಅದೇ ಜಾಗ, ಅದೇ ಹೊತ್ತು, ಅದೇ ಬೆಳಕು: ಇಷ್ಟನ್ನು ಬಿಟ್ಟುಕೊಡದ ಬೆಸುಗೆಯನ್ನು ಸುಳ್ಳೆನ್ನಲಾರೆ.

ಇನ್ನು ಹೀಗೆ ಕೂಡಿಸಿ ಮಾಡಿದ, ಕಣ್ಣು ಕುಕ್ಕುವ ಎಚ್‌ಡಿಆರ್ ಚಿತ್ರಗಳು. ಮೋಡಕ್ಕೆ ಮಸಿ, ಹುಲ್ಲಿಗೆ ವಿಷದ ಹಸಿರು, ಗೋಡೆಯ ಅಂಚಿಗೆಲ್ಲ ಬೆಳ್ಳನೆಯ ಪ್ರಭೆ. ಇವನ್ನು ಬೈಯುವವರ ಜೊತೆ ನಾನೂ ದನಿಗೂಡಿಸುತ್ತೇನೆ, ಆದರೆ ಬೈಗುಳ ಸಲ್ಲಬೇಕಾದ್ದು ಕೂಡಿಸಿದ್ದಕ್ಕಲ್ಲ. 1997ರಲ್ಲಿ ಸಂಶೋಧಕರಾದ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಹಲವು ಎಕ್ಸ್‌ಪೋಶರ್‌ಗಳಿಂದ ಒಂದು ನೋಟದ ಬೆಳಕನ್ನು ಲೆಕ್ಕ ಹಾಕುವ ವಿಧಾನ ಪ್ರಕಟಿಸಿದರು. ಅವರು ಉದಾಹರಣೆಯಾಗಿ ಕೊಟ್ಟ ಸ್ಟ್ಯಾನ್‌ಫರ್ಡ್‌ನ ಚರ್ಚಿನ ಒಳನೋಟಕ್ಕೆ 30 ಸೆಕೆಂಡಿನಿಂದ ಸೆಕೆಂಡಿನ ಸಾವಿರದಲ್ಲೊಂದು ಪಾಲಿನವರೆಗೆ 16 ಚಿತ್ರಗಳು ಬೇಕಾದವು. ಅಲ್ಲಿ ಸಿಕ್ಕಿದ್ದು ಯಾವ ಮೂಲೆಯಲ್ಲಿ ಎಷ್ಟು ಬೆಳಕಿದೆ ಎಂಬ ಅಳತೆ. ಆ ಅಗಾಧ ಅಂತರವನ್ನು ಪರದೆಗೋ ಕಾಗದಕ್ಕೋ ಒಗ್ಗುವಂತೆ ಕುಗ್ಗಿಸುವುದು ಬೇರೆಯೇ ಕೆಲಸ, ಅಭಿರುಚಿ ಕೆಡುವುದು ಅಲ್ಲಿ. ನೆರಳಿನಲ್ಲಿದ್ದುದೆಲ್ಲ ಬಿಸಿಲಿಗೆ ಬರಲೇಬೇಕೆಂಬ ಹಟ ಹಿಡಿದರೆ ನವರಂಗ ನವರಂಗವಾಗಿ ಉಳಿಯುವುದಿಲ್ಲ. ಕಂಬದ ಕುಸುರಿ ಕಾಣಲಿ, ಆದರೆ ಅದು ಅಂಗಳಕ್ಕಿಂತ ಮಬ್ಬಾಗಿಯೇ ಕಾಣಲಿ.

ಮಡಿವಂತರಿಗೆ ಇನ್ನೊಂದು ಕಹಿ ಸುದ್ದಿಯಿದೆ. ಇಂದಿನ ಹಲವು ಫೋನುಗಳು ಒಂದೇ ಸಲ ಒತ್ತಿದಾಗಲೂ ಒಳಗೊಳಗೇ ಹಲವು ಚಿತ್ರ ತೆಗೆದು, ಕೂಡಿಸಿ, ಒಂದನ್ನು ಕೈಗೆ ಕೊಡುತ್ತವೆ. ನೆರಳು ಎಷ್ಟಿರಬೇಕೆಂದು ಯಾರನ್ನೂ ಕೇಳುವುದಿಲ್ಲ. ಟ್ರೈಪಾಡ್ ಹೊತ್ತು ಹೋಗಿ ಬ್ರಾಕೆಟಿಂಗ್ ಮಾಡುವವನಾದರೋ ಅದನ್ನು ತಾನೇ ಕೂತು ತೀರ್ಮಾನಿಸುತ್ತಾನೆ, ತಪ್ಪಿದರೆ ಬೈಸಿಕೊಳ್ಳಲು ಸಿಗುತ್ತಾನೆ.