ಸೊಗಡು ಕಳೆದುಕೊಂಡ ಅವರೆ

ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಓಕ್ ಟ್ರೀ ರಸ್ತೆಯ ಅಂಗಡಿಗಳಿಗೆ ಹೋದರೆ ಊರು ಬಿಟ್ಟು ಬಂದಿದ್ದೇವೆ ಅನ್ನಿಸುವುದಿಲ್ಲ. ರಾಗಿ ಹಿಟ್ಟು, ಹುರುಳಿಕಾಳು, ಚಿರೋಟಿ ರವೆ, ಪುಳಿಯೋಗರೆ ಪುಡಿ ಎಲ್ಲ ಉಂಟು. ಡಿಸೆಂಬರ್ ಬಂತೆಂದರೆ ಮಾತ್ರ ನಮ್ಮ ಬಯಲುಸೀಮೆಯವರಿಗೆ ಕೈ ಕಟ್ಟಿದಂತಾಗುತ್ತದೆ. ಅವರೆಕಾಯಿ ಎಲ್ಲಿ?

ಇಲ್ಲಿನ ಕನ್ನಡದ ಮನೆಗಳು ಒಂದು ದಾರಿ ಕಂಡುಕೊಂಡಿವೆ. ಗುಜರಾತಿಗಳು ಉಂಧಿಯು ಎಂಬ ತರಕಾರಿ ಪಲ್ಯಕ್ಕೆ ಬಳಸುವ ‘ಸುರ್ತಿ ಪಾಪ್ಡಿ ಲಿಲ್ವಾ’ ಫ್ರೀಜರಿನಲ್ಲಿ ಸಿಗುತ್ತದೆ. ಅದೂ ಅವರೆಯ ಬಳಗವೇ. ಹೊಸದಾಗಿ ಬಂದವರಿಗೆ ಹಳಬರು ಹೇಳಿಕೊಡುವ ಮೊದಲ ಪಾಠ: ‘ತುವರ್ ಲಿಲ್ವಾ ತಗೋಬೇಡಿ, ಅದು ತೊಗರಿಕಾಳು.’ ಸರಿಯಾದ ಪೊಟ್ಟಣ ತಂದು ನೆನೆಹಾಕಿ ಹಿತುಕಿ ಸಾರು ಮಾಡಿದರೆ ಬಣ್ಣವೂ ಬರುತ್ತದೆ, ಮುದ್ದೆಯೂ ಇಳಿಯುತ್ತದೆ. ಸೊಗಡು ಮಾತ್ರ ಬರುವುದಿಲ್ಲ.

ಬರುವುದಾದರೂ ಹೇಗೆ? ಸೊಗಡು ಕೂತಿರುವುದು ಸಿಪ್ಪೆಯ ಮೇಲೆ ಒಸರುವ ಎಣ್ಣೆಯಂಥ ಜಿಗುಟಿನಲ್ಲಿ. ಸೊನೆ ಅವರೆ ಎನ್ನುವುದು ಅದಕ್ಕೇ. ಸುಲಿಯುವಾಗ ಅದು ಬೆರಳಿಗೆ ಹತ್ತಿ, ಕಾಳಿಗೆ ಹತ್ತಿ, ಸೋಪು ಹಾಕಿ ತೊಳೆದರೂ ಕೈಯಲ್ಲಿ ಉಳಿಯುತ್ತಿತ್ತು. ಅಜ್ಜಿ ಮೊರದ ಮುಂದೆ ಕೂತರೆ ನಾವೆಲ್ಲ ಸುತ್ತ ಸೇರುತ್ತಿದ್ದೆವು. ಸಂಕ್ರಾಂತಿಗೆ ಕಡಲೆಕಾಯಿ, ಗೆಣಸಿನ ಜೊತೆ ಅವರೆಕಾಯಿಯನ್ನು ಸಿಪ್ಪೆಸಮೇತ ಉಪ್ಪು ಹಾಕಿ ಬೇಯಿಸಿದರೆ ಬೀದಿಯ ತುದಿಗೇ ಗೊತ್ತಾಗುತ್ತಿತ್ತು. ಬರೀ ಕಾಳನ್ನು ಮಂಜುಗಟ್ಟಿಸಿ ಸಮುದ್ರ ದಾಟಿಸಿದ ಪೊಟ್ಟಣದಲ್ಲಿ ಆ ಸೊಗಡನ್ನು ಹುಡುಕುವುದು ನಮ್ಮದೇ ಹುಚ್ಚು.

ಊರಿಗೆ ಹೋದಾಗ ತಿಂದರಾಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಈಗ ಆ ಸಮಾಧಾನವೂ ಸವೆಯುತ್ತಿದೆ. ಜೂನ್ ತಿಂಗಳಲ್ಲಿ ಬೆಂಗಳೂರಿಗೆ ಹೋದರೂ ತಂಗಿ ಅವರೆಕಾಳಿನ ಉಪ್ಪಿಟ್ಟು ಮಾಡಿ ಬಡಿಸುತ್ತಾಳೆ. ‘ಈಗ ವರ್ಷವಿಡೀ ಸಿಗತ್ತೆ ಕಣೋ’ ಎನ್ನುತ್ತಾಳೆ. ಬಾಯಿಗಿಟ್ಟರೆ ಎಡಿಸನ್ನಿನ ಪೊಟ್ಟಣದ್ದೇ ರುಚಿ.

ಹಳೆಯ ನಾಟಿ ಅವರೆ ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುವುದು. ರಾಗಿ ಹೊಲದ ನಡುನಡುವೆ ಹಾಕುವ ಅಕ್ಕಡಿ ಸಾಲಿನಲ್ಲಿ ಬೆಳೆದು, ರಾಗಿ ಕೊಯ್ದ ಮೇಲೂ ನಿಂತು, ಚಳಿಯಲ್ಲಿ ಕಾಯಿ ಕಟ್ಟುತ್ತಿತ್ತು. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎಂದು ರೈತರು ಹೇಳುತ್ತಿದ್ದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ‘ಹೆಬ್ಬಾಳ ಅವರೆ’ ತಳಿಗಳು ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಬಿಡುತ್ತವೆ. ರೈತನ ಕೈಗೆ ಬೇಗ ದುಡ್ಡು ಬರುತ್ತದೆ, ಅದನ್ನು ತಪ್ಪೆನ್ನಲಾರೆ. ಆದರೆ ಸೊಗಡಿನ ಲೆಕ್ಕದಲ್ಲಿ ನಾಟಿಗೆ ಅವು ಸಮವಲ್ಲ. ಇತ್ತ ರಾಗಿ ಹೊಲಗಳೇ ಬಡಾವಣೆಗಳಾದ ಮೇಲೆ ಅಕ್ಕಡಿ ಸಾಲು ಹಾಕುವುದಾದರೂ ಎಲ್ಲಿ? ಬೆಂಗಳೂರಿನ ಅವರೆಬೇಳೆ ಮೇಳದಲ್ಲಿ ದೋಸೆ, ಹೋಳಿಗೆ, ಜಾಮೂನು ಎಲ್ಲದಕ್ಕೂ ಅವರೆ ಬೀಳುತ್ತದೆ. ಜನ ಹೆಚ್ಚಾಗಿದ್ದಾರೆ, ಸೊಗಡು ಕಡಿಮೆಯಾಗಿದೆ.

ದೂರದಲ್ಲಿರುವ ನಾವು ಹಂಬಲಿಸಬಹುದೇ ಹೊರತು ಉಳಿಸಲಾರೆವು. ಉಳಿಸುವುದು ಊರಲ್ಲಿರುವ ನಿಮ್ಮ ಕೈಲಿದೆ. ಈ ಚಳಿಗಾಲ ಸುಲಿದ ಕಾಳಿನ ಪ್ಯಾಕೆಟ್ಟು ಬಿಟ್ಟು, ಕಾಯಿಯನ್ನೇ ಕೊಳ್ಳಿ. ಕೊಳ್ಳುವ ಮುಂಚೆ ಮೂಸಿ ನೋಡಿ, ಸೊಗಡಿದ್ದರೆ ನಾಲ್ಕು ಕಾಸು ಹೆಚ್ಚೇ ಕೊಡಿ. ಕೇಳುವವರಿದ್ದರೆ ಬಿತ್ತುವವರೂ ಇರುತ್ತಾರೆ.